ಹದಿನಾಲ್ಕನೆಯ ವಾಕ್ಯ

ಅಂದು ಸಂಜೆ ನಾಲ್ಕೂವರೆಗೆ ನಾಲ್ಕನೆಯ ಮಹಡಿಯ ಕಬ್ಬಿಣದ ಬಾಗಿಲಿಗೆ ಬೀಗ ಹಾಕಿದವನು ನಾನು. ಹಾಕು ಎಂದವರು ಅಧ್ಯಕ್ಷರು. ಯಾರು ತಪ್ಪಿಸಿಕೊಳ್ಳಬಾರದೆಂದು ಆ ಬೀಗ ಬಿತ್ತೋ ಅದು ನನಗೆ ಗೊತ್ತಾದದ್ದು ಐದು ನಿಮಿಷದ ಮೇಲೆ, ನನ್ನ ತಂಗಿಯ ಮಗಳು ಬಟ್ಟೆ ಕೋಣೆಗೆ ಓಡಿಬಂದಾಗ.

"ಮಾವ, ಆರು ಗಂಟೆಗೆ ನನ್ನ ಪೊಲೀಸಿಗೆ ಕೊಡ್ತಾರಂತೆ" ಎಂದಳು.

ಅಳುತ್ತಿರಲಿಲ್ಲ. ಅತ್ತಿದ್ದರೆ ಒಳ್ಳೆಯದಿತ್ತು. ಎರಡು ಕೈಯನ್ನೂ ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು. ಅವಳಿಗೆ ಆ ಕೆಲಸ ಕೊಡಿಸಿದವನು ನಾನೇ. ಆರು ತಿಂಗಳ ಹಂಗಾಮಿ ಗುಮಾಸ್ತೆ ಕೆಲಸ, ಖಾಯಂ ಆಗಲು ಇನ್ನು ಎಂಟು ದಿನ ಉಳಿದಿತ್ತು.

ಬಟ್ಟೆ ಕೋಣೆ ಎಂದರೆ ಸಿಸ್ಟರಮ್ಮನ ಮನೆ. ಮೂವತ್ತಾರು ವರ್ಷ ಆಸ್ಪತ್ರೆಯ ವಾರ್ಡುಗಳನ್ನು ಆಳಿ ನಿವೃತ್ತರಾದವರು ಅವರು. ಆಮೇಲೆ ಆಸ್ಪತ್ರೆಯವರೇ ಈ ಅತಿಥಿಗೃಹದ ಹಾಸಿಗೆ ಬಟ್ಟೆಯ ಉಸ್ತುವಾರಿ ಕೊಟ್ಟು ಇಲ್ಲೇ ಇರಿಸಿಕೊಂಡಿದ್ದರು. ಕಾಣೆಯಾದ ಮಂಪರು ಮದ್ದು, ಅದಲು ಬದಲಾದ ರಕ್ತದ ಸೀಸೆ, ಸತ್ತವನ ಬೆರಳಿನ ಉಂಗುರ, ಹೀಗೆ ಯಾವುದಕ್ಕೆ ತಲೆ ಕೆಟ್ಟರೂ ಜನ ಬರುತ್ತಿದ್ದದ್ದು ಅವರ ಬಾಗಿಲಿಗೆ. ನಾನು ಅವರ ಕೈಕೆಳಗೆ ವಾರ್ಡಿನಲ್ಲಿ ದುಡಿದವನು, ಈಗ ಈ ಕಟ್ಟಡದ ಕಾವಲುಗಾರ. ಊರ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದವನು. ಸಿಟ್ಟು ಮಾತ್ರ ಯಾವ ಶಾಲೆಗೂ ಹೋಗದೆ ಬಂದದ್ದು. ಅದಕ್ಕೇ ಅವರು ನನ್ನನ್ನು 'ಪಟಾಕಿ' ಎಂದು ಕರೆಯುತ್ತಿದ್ದರು.

"ಯಾವನು ಹೇಳಿದ್ದು ಪೊಲೀಸು ಅಂತ? ಅವನ ಹಲ್ಲು—" ಎಂದು ಎದ್ದೆ.

"ಪಟಾಕಿ, ಕೂತ್ಕೋ" ಎಂದರು ಸಿಸ್ಟರಮ್ಮ, ಮಡಚುತ್ತಿದ್ದ ಹೊದಿಕೆಯಿಂದ ಕಣ್ಣೆತ್ತದೆ. "ನೀನು ಹೇಳು ಮಗಳೇ. ಮೊದಲಿಂದ ಹೇಳು. ನನಗೇನೂ ಗೊತ್ತಿಲ್ಲ ಅಂತ್ಲೇ ತಿಳ್ಕೊಂಡು ಹೇಳು."

ಅವಳು ಹೇಳಿದ್ದು ಇಷ್ಟು. ಪಾರ್ಶ್ವವಾಯು ಬಡಿದು ಬಂದ ರೋಗಿಯನ್ನು ಮೊದಲ ಗಂಟೆಯಲ್ಲಿ ಹೇಗೆ ಪರೀಕ್ಷಿಸಬೇಕು ಎಂಬುದಕ್ಕೆ ಎಲ್ಲ ಆಸ್ಪತ್ರೆಗಳಿಗೂ ಒಂದೇ ಕ್ರಮ ಬೇಕಿತ್ತು. ಅದನ್ನು ಬರೆಯಲು ಏಳು ಮಂದಿ ಸದಸ್ಯರನ್ನು ಮೂರು ದಿನಕ್ಕೆ ನಮ್ಮ ಮಹಡಿಗೆ ಕರೆತಂದಿದ್ದರು. ಮೇಲೊಬ್ಬರು ಅಧ್ಯಕ್ಷರು, ವಾಕ್ಯಗಳನ್ನು ತಿದ್ದಿ ತೀಡುವ ಕಾರ್ಯದರ್ಶಿ ಡಾಕ್ಟರೊಬ್ಬರು. ಇವರಿಬ್ಬರಿಗೂ ಮತವಿಲ್ಲ. ಒಟ್ಟು ಇಪ್ಪತ್ತನಾಲ್ಕು ವಾಕ್ಯಗಳು. ಪ್ರತಿ ವಾಕ್ಯಕ್ಕೂ ಒಬ್ಬೊಬ್ಬರೂ ಒಂದರಿಂದ ಒಂಬತ್ತರವರೆಗೆ ಅಂಕೆ ಕೊಡಬೇಕು. ಒಂಬತ್ತು ಎಂದರೆ ಪೂರ್ತಿ ಒಪ್ಪಿಗೆ, ಒಂದು ಎಂದರೆ ಸುತರಾಂ ಇಲ್ಲ. ಏಳರಲ್ಲಿ ಐದು ಮಂದಿಯಾದರೂ ಏಳಕ್ಕಿಂತ ಕಡಿಮೆಯಿಲ್ಲದ ಅಂಕೆ ಕೊಟ್ಟರೆ ವಾಕ್ಯ ನಿಂತಿತು, ಇಲ್ಲವಾದರೆ ಬಿತ್ತು.

ಯಾರು ಎಷ್ಟು ಕೊಟ್ಟರು ಎಂದು ಯಾರಿಗೂ ತಿಳಿಯಕೂಡದು. ಗಂಟಲು ದೊಡ್ಡದಿದ್ದವನ ಮಾತಿಗೆ ಉಳಿದವರು ತಲೆ ಆಡಿಸಬಾರದಲ್ಲ, ಅದಕ್ಕೆ. ಮತ ಹಾಕುವ ದಿನ ಅವರವರ ಕೋಣೆಯಲ್ಲೇ ಇರಬೇಕು, ಒಬ್ಬರೊಡನೊಬ್ಬರು ಮಾತಾಡುವ ಹಾಗಿಲ್ಲ, ಫೋನು ನನ್ನ ಬುಟ್ಟಿಯಲ್ಲಿ. ಕಿಟಕಿಗಳೋ, ನಾಲ್ಕು ಬೆರಳಿಗಿಂತ ಹೆಚ್ಚು ತೆರೆಯದವು. ಮೂರನೆಯ ದಿನದ ಹೊತ್ತಿಗೆ ಇಡೀ ಓಣಿಯಲ್ಲಿ ಉಸಿರಾಡಿ ಬಿಟ್ಟ ಗಾಳಿಯೇ ತುಂಬಿತ್ತು. ದೊಡ್ಡ ದೊಡ್ಡ ಡಾಕ್ಟರುಗಳು ಬಾಗಿಲ ಸಂದಿಯಿಂದ ಇಣುಕಿ, "ಊಟ ಬಂತೇನಪ್ಪ?" ಎಂದು ನನ್ನನ್ನು ಕೇಳುತ್ತಿದ್ದರು.

"ಹದಿನಾಲ್ಕನೆ ವಾಕ್ಯ ಸಿಸ್ಟರಮ್ಮ" ಎಂದಳು ಅವಳು. "ನುಂಗೋ ಪರೀಕ್ಷೆ ಮಾಡೋಕೆ ಮುಂಚೆ ರೋಗಿಗೆ ನೀರು, ಆಹಾರ, ಮಾತ್ರೆ, ಏನನ್ನೂ ಬಾಯಿಗೆ ಹಾಕಬಾರದು ಅಂತ. ಮೊದಲ ಸುತ್ತಲ್ಲಿ ಏಳು ಜನವೂ ಎಂಟು, ಒಂಬತ್ತು ಕೊಟ್ಟಿದ್ರು. ಇವತ್ತು ಎರಡನೆ ಸುತ್ತು. ನಾಲ್ಕು ಗಂಟೆಗೆ ಎಣಿಸಿದ್ವಿ. ಮೂರು ಪತ್ರದಲ್ಲಿ ಒಂದು, ಒಂದು, ಒಂದು. ನಾಲ್ಕೇ ಒಪ್ಪಿಗೆ. ವಾಕ್ಯ ಬಿತ್ತು."

"ಎಣಿಸಿದವರು ಯಾರು?"

"ಕಾರ್ಯದರ್ಶಿಯವರು ಅಂಕೆ ಓದಿದ್ರು, ಅಧ್ಯಕ್ಷರು ಬರ್ಕೊಂಡ್ರು, ನಾನು ಖಾಲಿ ಲಕೋಟೆ ಹಿಡ್ಕೊಂಡು ನಿಂತಿದ್ದೆ. ಬಿದ್ದ ವಾಕ್ಯಗಳ ನಂಬರು, ಮತದ ಲೆಕ್ಕ ಮಾತ್ರ ಇರೋ ಪಟ್ಟಿನ ಊಟದ ಹಾಲಲ್ಲಿ ಅಂಟಿಸಿದ್ದೂ ಆಯ್ತು. ಆಮೇಲೆ ಅಧ್ಯಕ್ಷರು ಮೊದಲ ಸುತ್ತಿನ ಲೆಕ್ಕ ತೆಗೆದು ನೋಡಿ, ಬೆಳಗಾಗೋದ್ರೊಳಗೆ ಒಂಬತ್ತು ಹೇಗೆ ಒಂದಾಯ್ತು, ಯಾರೋ ಪತ್ರ ಬದಲಾಯಿಸಿದ್ದಾರೆ ಅಂದ್ರು. ಮತದ ಪೆಟ್ಟಿಗೆಯ ಬೀಗದಕೈ ಇರೋದು ನನ್ನೊಬ್ಬಳ ಹತ್ರ."

"ಹಾಗಂತ ಅಧ್ಯಕ್ಷರಿಗೆ ನೆನಪು ಮಾಡಿದ್ದು?"

"ಕಾರ್ಯದರ್ಶಿಯವರು. ಆದ್ರೆ ಬೈದು ಅಲ್ಲ, ಬೇಜಾರಲ್ಲೇ ಹೇಳಿದ್ರು. ನನ್ನ ಕಾಪಾಡೋಕೂ ನೋಡಿದ್ರು ಪಾಪ. ನಿಯಮದ ಪ್ರಕಾರ ಎಣಿಸಿದ ಪತ್ರನ ಆಗಿಂದಾಗಲೇ ಹರಿದುಹಾಕ್ಬೇಕು, ಹರಿದು ಮೂರನೆ ಸುತ್ತು ಮಾಡೋಣ ಅಂದ್ರು. ಅಧ್ಯಕ್ಷರು ಕೇಳಲಿಲ್ಲ. ಏಳನ್ನೂ ಒಂದು ಲಕೋಟೆಗೆ ಹಾಕಿ ಅರಗು ಒತ್ತಿಬಿಟ್ರು. ಪೊಲೀಸರ ಮುಂದೆಯೇ ತೆಗೆಯೋದಂತೆ."

ಸಿಸ್ಟರಮ್ಮ ಹೊದಿಕೆಯ ಮೂಲೆ ಸೇರಿಸಿ ತಟ್ಟಿದರು. "ಪತ್ರಗಳನ್ನ ಮುದ್ರಿಸಿದ್ದು?"

"ನಾನೇ ಕಂಪ್ಯೂಟರಲ್ಲಿ ಸಿದ್ಧ ಮಾಡಿದ್ದೆ. ಅವರವರ ಹಳೆ ಅಂಕೆ ಅವರವರ ಪತ್ರದ ಮೇಲೆ ಇರುತ್ತಲ್ಲ, ಅದಕ್ಕೆ ಏಳೂ ಬೇರೆ ಬೇರೆ. ಹನ್ನೊಂದು ಗಂಟೆಗೆ ಕಾಗದ ಮುಗೀತು ಅಂತ ಕೆಳಗೆ ಮಾವನ ಹತ್ರ ತರೋಕೆ ಹೋದೆ. ಬರೋ ಅಷ್ಟರಲ್ಲಿ ಕಾರ್ಯದರ್ಶಿಯವರೇ ಮುದ್ರಿಸಿ, ಕೋಣೆ ನಂಬರಿನ ಲಕೋಟೆಗಳಿಗೆ ಹಾಕಿಟ್ಟಿದ್ರು. ಸಂಜೆ ಮತ್ತೆ ಕಂಪ್ಯೂಟರ್ ನೋಡಿದೆ. ಎಲ್ಲ ನಾನು ಬರೆದ ಹಾಗೇ ಇದೆ."

"ಕಾಗದ ಮುಗಿಯೋದಂತೆ" ಎಂದು ನಾನು ಗೊಣಗಿದೆ. "ಇವತ್ತು ಬೆಳಿಗ್ಗೆ ತಾನೆ ಐನೂರು ಹಾಳೆಯ ಕಟ್ಟು ಯಂತ್ರದ ಪಕ್ಕ ಇಟ್ಟು ಬಂದಿದ್ದೆ. ಇವಳು ಬಂದಾಗ ಬೈದೇ ಕಳಿಸಿದ್ದು. ತಿಂದ್ರಾ ಅಂತ ಕೇಳಿದೆ."

ಸಿಸ್ಟರಮ್ಮ ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಎದ್ದರು. "ನಡಿ, ಒಂದು ಸುತ್ತು ಬರೋಣ. ನೀನು ಬಾಯಿ ಮುಚ್ಚಿಕೊಂಡು ಬರ್ಬೇಕು. ಬೀಗದಕೈ ಜೇಬಲ್ಲಿದೆಯಲ್ಲ?"

ಇತ್ತು. ತೊಡೆಗೆ ಒತ್ತುತ್ತಿತ್ತು. ಬಾಗಿಲು ತೆಗೆದು ಮಗುವನ್ನು ಮನೆಗೆ ಕಳಿಸಿಬಿಡಲೇ ಎಂದು ಹತ್ತು ಸಲ ಅನ್ನಿಸಿತು. ಕಳಿಸಿದ್ದರೆ ಓಡಿಹೋದಳು ಎಂದೇ ಬರೆದುಕೊಳ್ಳುತ್ತಿದ್ದರು. ಬೀಗದಕೈ ಇದ್ದೂ ನಾನು ಅವಳಷ್ಟೇ ಸಿಕ್ಕಿಬಿದ್ದಿದ್ದೆ.

ಮೊದಲು ಅಧ್ಯಕ್ಷರ ಕೋಣೆ. ಆರಡಿ ಎತ್ತರದ ಮನುಷ್ಯ, ನರರೋಗದ ದೊಡ್ಡ ಡಾಕ್ಟರು, ಕೋಪದಲ್ಲಿ ಕಿವಿ ಕೆಂಪಾಗಿತ್ತು.

"ಆ ಲಕೋಟೆ ಒಂದು ಸಲ ತೆಗೀತೀರಾ ಸಾರ್?" ಎಂದರು ಸಿಸ್ಟರಮ್ಮ.

"ಆಗೋದಿಲ್ಲ ಸಿಸ್ಟರ್. ಗುಟ್ಟು ಕಾಪಾಡ್ತೀನಿ ಅಂತ ಏಳು ಜನಕ್ಕೂ ಮಾತು ಕೊಟ್ಟಿದ್ದೀನಿ. ಆ ಹುಡುಗಿ ಒಪ್ಪಿಕೊಳ್ಳಲಿ, ಮುಗಿದುಹೋಗುತ್ತೆ."

"ಆರು ಗಂಟೆವರೆಗೆ ಸಮಯ ಕೊಡಿ."

"ಕೊಟ್ಟಿದ್ದೀನಲ್ಲ" ಎಂದು ಬಾಗಿಲು ಹಾಕಿಕೊಂಡರು.

ಎರಡನೆಯ ಕೋಣೆಯಲ್ಲಿ ತುರ್ತು ವಿಭಾಗದ ಡಾಕ್ಟರಿದ್ದರು. ಮೊದಲ ದಿನದ ಚರ್ಚೆಯಲ್ಲಿ ನುಂಗುವ ಪರೀಕ್ಷೆಯ ಪರವಾಗಿ ಮೇಜು ಕುಟ್ಟಿದವರು ಇವರೇ. ಚಹಾ ಕೊಡಲು ಹೋದಾಗ ನಾನೇ ಕೇಳಿದ್ದೆ. ಸಿಸ್ಟರಮ್ಮ ಹೊಸ ದಿಂಬಿನ ಚೀಲ ಕೊಡುವ ನೆಪದಲ್ಲಿ, "ಹದಿನಾಲ್ಕನೆಯದು ಬಿತ್ತಂತಲ್ಲ ಡಾಕ್ಟ್ರೇ" ಎಂದರು.

"ಪಟ್ಟಿ ನೋಡಿದೆ. ಬೀಳಬೇಕಾದ್ದೇ ಬಿತ್ತು, ಸದ್ಯ" ಎಂದು ಅವರು ದಿಂಬು ಕೊಡವಿದರು. "ಅದಿರ್ಲಿ, ಯಾಕೆ ಬೀಗ ಹಾಕಿದ್ದಾರೆ? ಮತದ್ದೇನೋ ಗೋಜಲು ಅಂತ ಮಾತ್ರ ಹೇಳಿದ್ರು."

ನನ್ನ ನೆತ್ತಿಗೆ ರಕ್ತ ಏರಿತು. ಓಣಿಗೆ ಬಂದವನೇ, "ಸಿಕ್ಕಿಬಿದ್ದ. ಮೊನ್ನೆ ಮೇಜು ಕುಟ್ಟಿದ್ದು ನಾಟಕ. ಒಳಗೊಳಗೇ ಬೀಳಿಸಿದ್ದಾನೆ. ಕತ್ತಿನ ಪಟ್ಟಿ ಹಿಡಿದು ಎಳ್ಕೊಂಡು ಬರ್ಲಾ?" ಎಂದೆ.

"ಒಬ್ಬನ ಕೈಲಿ ಇರೋದು ಒಂದೇ ಮತ, ಪಟಾಕಿ. ಮೂರು ಬಿದ್ದಿದೆ. ಇನ್ನೂ ಕೋಣೆಗಳಿವೆ, ನಡಿ."

ಮುಂದಿನ ಕೋಣೆಯಲ್ಲಿ ದರ್ಜಿ. ರೋಗಿಗಳ ಮನೆಯವರ ಪರವಾಗಿ ಒಬ್ಬರು ಇರಬೇಕೆಂದು ಅವನನ್ನು ಕರೆದಿದ್ದರು. ಅವನ ಅಣ್ಣನಿಗೆ ಪಾರ್ಶ್ವವಾಯು ಬಡಿದ ದಿನ ಯಾರೋ ಕರುಣೆಯಿಂದ ಕುಡಿಸಿದ ನೀರು ಶ್ವಾಸಕೋಶಕ್ಕೆ ಇಳಿದು ಅಣ್ಣ ಉಳಿದಿರಲಿಲ್ಲ. ಆ ವಾಕ್ಯ ಬಿದ್ದದ್ದಕ್ಕೆ ಇವನು ಮಹಡಿಯನ್ನೇ ತಲೆಕೆಳಗು ಮಾಡುತ್ತಾನೆ ಎಂದುಕೊಂಡಿದ್ದೆ. ಅವನು ಕಿಟಕಿಯ ಬೆಳಕಿಗೆ ಕೂತು ತನ್ನ ಅಂಗಿಗೆ ಗುಂಡಿ ಹೊಲಿಯುತ್ತಿದ್ದ.

"ಪಟ್ಟಿ ನೋಡಿದ್ರಾ?" ಎಂದರು ಸಿಸ್ಟರಮ್ಮ.

"ನೋಡಿದೆ ತಾಯಿ. ಓದಿದವರು ಸೇರಿದ್ರೂ ನ್ಯಾಯ ಇದೆ ಅನ್ನಿಸ್ತು" ಎಂದ, ದಾರ ಕಡಿಯುತ್ತಾ.

ನಾಲ್ಕನೆಯ ಕೋಣೆಯಲ್ಲಿ, ಪಾರ್ಶ್ವವಾಯು ಬಡಿದವರಿಗೆ ಮತ್ತೆ ನುಂಗುವುದನ್ನು ಕಲಿಸುವ ಚಿಕಿತ್ಸಕಿ. ಅವರ ಹೊಟ್ಟೆಪಾಡೇ ಆ ಪರೀಕ್ಷೆ. ಅವರೂ ನಿರಾಳವಾಗಿ ಹುಬ್ಬೆತ್ತಿ, "ಒಳ್ಳೇದೇ ಆಯ್ತು ಬಿಡಿ ಸಿಸ್ಟರ್" ಎಂದರು. ಉಳಿದ ನಾಲ್ವರು ಮಾತ್ರ ಉರಿದುಬಿದ್ದರು. ಅವರಲ್ಲಿ ಒಬ್ಬರು, "ಇಷ್ಟು ಸರಳ ವಿಷಯಕ್ಕೆ ಅಡ್ಡಬಂದ ಆ ಮೂರು ಮಹಾನುಭಾವರು ಯಾರು ಅಂತ ನೋಡಬೇಕು ನಾನು" ಎಂದು ನನ್ನ ಮುಖಕ್ಕೇ ಕೂಗಿದರು, ನಾನೇ ಅವರಲ್ಲೊಬ್ಬ ಎಂಬಂತೆ.

ಬಟ್ಟೆ ಕೋಣೆಗೆ ಮರಳಿದಾಗ ಐದೂಮುಕ್ಕಾಲು. ನನ್ನ ಸೊಸೆ, ಎಂದರೆ ತಂಗಿಯ ಮಗಳು, ಬಿಟ್ಟುಹೋದ ಜಾಗದಲ್ಲೇ ನಿಂತಿದ್ದಳು. ನನ್ನ ತಲೆ ಗಿರ್ರೆನ್ನುತ್ತಿತ್ತು. ಆ ಪರೀಕ್ಷೆಗಾಗಿ ಜೀವ ಬಿಡುವ ಮೂವರೂ ಅದು ಬಿದ್ದದ್ದಕ್ಕೆ ಖುಷಿಯಾಗಿದ್ದರು. ಅದರ ಮೇಲೆ ಬುಟ್ಟಿಯಲ್ಲಿ ಒಂದು ಫೋನು ಮತ್ತೆ ನಡುಗತೊಡಗಿತು.

"ಇದೊಂದು ಬೆಳಿಗ್ಗೆಯಿಂದ ಪ್ರಾಣ ತಿಂತಿದೆ" ಎಂದೆ. "ಒಂಬತ್ತನೆ ಸಲ."

"ಯಾರು ಕರೀತಿರೋದು?"

ಪರದೆಯ ಮೇಲಿನ ಹೆಸರು ಓದಿದೆ. "'ವಕೀಲರು' ಅಂತಿದೆ."

"ಫೋನು ಯಾರದ್ದು?"

ಅಂಟಿಸಿದ್ದ ಚೀಟಿ ನೋಡಿ ಹೇಳಿದೆ. ಸಿಸ್ಟರಮ್ಮ ಮಡಚಿದ್ದ ಹೊದಿಕೆಗಳನ್ನೆಲ್ಲ ಕಪಾಟಿಗೆ ಸೇರಿಸಿದರು. "ಎಲ್ಲರನ್ನೂ ಊಟದ ಹಾಲಿಗೆ ಕರಿ. ಒಂಬತ್ತು ಚೀಟಿ, ಒಂಬತ್ತು ಪೆನ್ನು ಇಡು" ಎಂದರು.

ಒಂಬತ್ತು ಜನ ಉದ್ದನೆಯ ಮೇಜಿಗೆ ಕೂತರು. ನನ್ನ ಸೊಸೆ ಗೋಡೆಗೆ ಒರಗಿದಳು. ಬಾಗಿಲ ಬಳಿ ನಾನು. ಗಡಿಯಾರ ಆರಕ್ಕೆ ಐದು ನಿಮಿಷ ತೋರಿಸುತ್ತಿತ್ತು.

"ನಾನು ಅಂಕೆ ಕೇಳೋದಿಲ್ಲ" ಎಂದರು ಸಿಸ್ಟರಮ್ಮ. "ನಿಮ್ಮ ಗುಟ್ಟು ನಿಮ್ಮಲ್ಲೇ ಇರಲಿ. ಇವತ್ತು ನಿಮ್ಮ ಪತ್ರದಲ್ಲಿ ಹದಿನಾಲ್ಕನೆ ವಾಕ್ಯ ಏನಂತ ಇತ್ತು, ಅದನ್ನ ಮಾತ್ರ ಬರೀರಿ. ನೆನಪಿದ್ದಷ್ಟು ಸಾಕು. ಹೆಸರು ಬೇಡ."

"ಇದೇನು ಪರೀಕ್ಷೆನಾ?" ಎಂದು ಯಾರೋ ನಕ್ಕರು.

"ಹೌದು, ನಿಮಗೂ ಒಂದು ಇರಲಿ" ಎಂದರು ಸಿಸ್ಟರಮ್ಮ.

ಕಾರ್ಯದರ್ಶಿ ಡಾಕ್ಟರು ಪೆನ್ನು ಮುಟ್ಟಲಿಲ್ಲ. "ಅಧ್ಯಕ್ಷರೇ, ಇದೆಲ್ಲ ಕಾಲಹರಣ. ವಾಕ್ಯ ಎಲ್ಲರಿಗೂ ಬಾಯಿಪಾಠ ಇದೆ" ಎಂದರು. ಮೆತ್ತನೆ ದನಿಯ, ಅಚ್ಚುಕಟ್ಟಾಗಿ ತಲೆ ಬಾಚಿದ ಮನುಷ್ಯ. ಮೂರು ದಿನದಲ್ಲಿ ನನ್ನನ್ನು ಬಹುವಚನದಲ್ಲಿ ಕರೆದದ್ದು ಅವರೊಬ್ಬರೇ.

"ಬಾಯಿಪಾಠ ಇದ್ರೆ ಬರೆಯೋಕೆ ಏನು ಕಷ್ಟ?" ಎಂದ ದರ್ಜಿ, ಬರೆಯುತ್ತಲೇ.

ಅಧ್ಯಕ್ಷರದೂ ಕಾರ್ಯದರ್ಶಿಯದೂ ಬಿಟ್ಟು ಏಳು ಚೀಟಿ ಬಂದವು. ಸಿಸ್ಟರಮ್ಮ ಒಂದೊಂದಾಗಿ ಓದಿದರು. ಮೊದಲನೆಯದು, ಎರಡನೆಯದು ನಮಗೆ ಗೊತ್ತಿದ್ದ ವಾಕ್ಯವೇ. ಮೂರನೆಯ ಚೀಟಿ ಹೀಗಿತ್ತು: 'ನುಂಗುವ ಪರೀಕ್ಷೆಗೆ ಮೊದಲು ರೋಗಿಗೆ ನೀರು, ಆಹಾರ ಕೊಡಬಾರದು. ಆದರೆ ತುರ್ತಿನ ಮಾತ್ರೆಗಳನ್ನು ಒಂದು ಗುಟುಕು ನೀರಿನೊಂದಿಗೆ ಕೊಡಬಹುದು.'

"ಏನು ಅನ್ಯಾಯ" ಎಂದು ಅಧ್ಯಕ್ಷರು ಎದ್ದು ನಿಂತರು. "ಇದನ್ನ ಬರೆದವರು ಯಾರು? ಹೀಗೊಂದು ವಾಕ್ಯ ನಮ್ಮಲ್ಲಿ ಇರಲೇ ಇಲ್ಲ."

"ಇತ್ತಲ್ಲ ಸಾರ್" ಎಂದರು ತುರ್ತು ವಿಭಾಗದ ಡಾಕ್ಟರು, ಗಾಬರಿಯಾಗಿ. "ಎರಡನೆ ಸುತ್ತಿಗೆ ತಿದ್ದಿದ್ದೀರಿ ಅಂದ್ಕೊಂಡೆ. ಸುತ್ತಿಂದ ಸುತ್ತಿಗೆ ವಾಕ್ಯ ತಿದ್ದೋದು ಇದ್ದದ್ದೇ ತಾನೆ?"

ಇನ್ನೂ ಎರಡು ಚೀಟಿಯಲ್ಲಿ ಅದೇ ಬಾಲ ಇತ್ತು. ಒಟ್ಟು ಮೂರು. ಉಳಿದ ನಾಲ್ಕರಲ್ಲಿ ಇರಲಿಲ್ಲ.

"ಈಗ ಲಕೋಟೆ ತೆಗೀರಿ ಸಾರ್" ಎಂದರು ಸಿಸ್ಟರಮ್ಮ.

ಅರಗು ಒಡೆಯಿತು. ಅಧ್ಯಕ್ಷರು ಏಳು ಪತ್ರಗಳನ್ನೂ ತಿರುವಿ ಹಾಕಿದರು. ಅವರ ಕಿವಿಯ ಕೆಂಪು ಕತ್ತಿಗೆ ಇಳಿಯಿತು. ಮೂರು ಪತ್ರಗಳಲ್ಲಿ ಆ ಬಾಲ ಅಚ್ಚಾಗಿ ಕೂತಿತ್ತು, ಪಕ್ಕದಲ್ಲಿ ಒಂದು ಎಂಬ ಅಂಕೆ.

"ಯಾರೂ ಮತ ತಿದ್ದಿಲ್ಲ" ಎಂದರು ಸಿಸ್ಟರಮ್ಮ. "ಏಳು ಜನವೂ ಪ್ರಾಮಾಣಿಕವಾಗಿ ಹಾಕಿದ್ದಾರೆ. ತಿದ್ದಿದ್ದು ಪ್ರಶ್ನೆನ. ನನಗೆ ಮೊದಲು ಅನುಮಾನ ಬಂದದ್ದು ಸಿಟ್ಟು ಕಾಣದ ಕಡೆ. ಅಣ್ಣನ್ನ ಕಳ್ಕೊಂಡವನು ಆ ವಾಕ್ಯ ಬಿದ್ದಾಗ ಗುಂಡಿ ಹೊಲೀತಾ ಕೂತಿರೋದಿಲ್ಲ. ಅವನಿಗೆ ನೆಮ್ಮದಿ ಆಗಿದೆ ಅಂದ್ರೆ ಅವನು ಬೀಳಿಸಿದ ವಾಕ್ಯ ಬೇರೆಯದ್ದೇ. ಡಾಕ್ಟರಿಗೂ ಅಷ್ಟೇ, ಈ ಅಮ್ಮನಿಗೂ ಅಷ್ಟೇ. ಆ ಪರೀಕ್ಷೆಗೆ ಪ್ರಾಣ ಕೊಡೋ ಮೂವರನ್ನೇ ಆರಿಸಿ ಕೆಟ್ಟ ವಾಕ್ಯ ಕೊಟ್ರೆ, ಒಂದು ಅಂತ ಬಂದೇ ಬರುತ್ತೆ. ಅಷ್ಟು ಖಾತ್ರಿ ಬೇರೆ ಯಾರ ಮೇಲೂ ಇರಲಿಲ್ಲ."

"ಏಳು ಪತ್ರನೂ ತಿದ್ದಬಹುದಿತ್ತಲ್ಲ?" ಎಂದರು ಚಿಕಿತ್ಸಕಿ.

"ಏಳೂ ಒಂದು ಬಂದಿದ್ರೆ ಅಧ್ಯಕ್ಷರು ವಾಕ್ಯನೇ ತೆಗೆದು ಓದ್ತಿದ್ರು. ಮೂರು ಅಂದ್ರೆ ಸಣ್ಣ ಭಿನ್ನಾಭಿಪ್ರಾಯ. ನೀವುಗಳು ಮಾತಾಡೋ ಹಾಗಿಲ್ಲ, ಪತ್ರ ಹೋಲಿಸೋ ಹಾಗಿಲ್ಲ, ಎಣಿಸಿದ ಮೇಲೆ ಹರಿದುಹಾಕ್ತೀರಿ. ಎಣಿಸುವಾಗಲೂ ನಿಮ್ಮ ಕಣ್ಣು ಅಂಕೆಯ ಸಾಲಿನ ಮೇಲಷ್ಟೇ. ವಾಕ್ಯ ಓದೋ ಅಭ್ಯಾಸವೇ ಇಲ್ಲ. ಇದನ್ನೆಲ್ಲ ಬಲ್ಲವರು ಮಾಡಿದ ಕೆಲಸ ಇದು. ಪೆಟ್ಟಿಗೆ ಬೀಗದಕೈಗೂ ಇದಕ್ಕೂ ಸಂಬಂಧವೇ ಇಲ್ಲ. ಪತ್ರ ಕೋಣೆಗೆ ಹೋಗೋಕೆ ಮುಂಚೆಯೇ ಕೆಟ್ಟಿತ್ತು."

ಎಲ್ಲರೂ ನನ್ನ ಸೊಸೆಯ ಕಡೆ ನೋಡಿದರು. ನಾನು ಮುಷ್ಟಿ ಬಿಗಿದೆ.

"ಅವಳನ್ನ ಯಾಕೆ ನೋಡ್ತೀರಿ?" ಎಂದರು ಸಿಸ್ಟರಮ್ಮ. "ಹನ್ನೊಂದು ಗಂಟೆಗೆ ಅವಳನ್ನ ಕಾಗದ ತರೋಕೆ ಕೆಳಗೆ ಅಟ್ಟಿದ್ರು. ಕಾಗದ ಮುಗಿದೇ ಇರಲಿಲ್ಲ. ಐನೂರು ಹಾಳೆ ಯಂತ್ರದ ಪಕ್ಕದಲ್ಲೇ ಇತ್ತು, ಇಟ್ಟವನು ಬಾಗಿಲ ಹತ್ರ ನಿಂತಿದ್ದಾನೆ. ಅವಳು ಬರೋದರೊಳಗೆ ಏಳು ಪತ್ರ ಅದೇ ಕಾಗದದ ಮೇಲೆ ಮುದ್ರಣವಾಗಿ ಲಕೋಟೆ ಸೇರಿತ್ತು. ಕಂಪ್ಯೂಟರಲ್ಲಿ ವಾಕ್ಯ ಮತ್ತೆ ಮೊದಲಿನ ಹಾಗಾಗಿತ್ತು. ಮಗಳೇ, ಕಾಗದ ಮುಗೀತು ಅಂದದ್ದು ಯಾರು?"

"ಕಾರ್ಯದರ್ಶಿಯವರು" ಎಂದಳು ಅವಳು.

"ಪತ್ರದಲ್ಲಿದ್ದ ಅಂಕೆ ಎಣಿಸುವಾಗ ಓದಿದ್ದೂ ಅವರೇ. ಮೋಸ ಆಗಿದೆ ಅಂತ ಗೊತ್ತಾದ ಮೇಲೂ ಪತ್ರ ಹರಿಯೋಣ ಅಂದದ್ದೂ ಅವರೇ. ಕಳ್ಳ ಸಿಗಬೇಕು ಅನ್ನೋರು ಕಳ್ಳನ ಹೆಜ್ಜೆ ಗುರುತು ಒರೆಸ್ತಾರಾ? ನೀವು ಲಕೋಟೆಗೆ ಅರಗು ಒತ್ತಿದ್ದೇ ಒಳ್ಳೇದಾಯ್ತು ಸಾರ್. ನಿಮ್ಮ ಹಟ ಅದೊಂದು ಕಡೆ ಉಪಯೋಗಕ್ಕೆ ಬಂತು."

ಕಾರ್ಯದರ್ಶಿ ಡಾಕ್ಟರು ಮೇಜಿನ ಮೇಲಿನ ಖಾಲಿ ಚೀಟಿಯನ್ನು ನೋಡುತ್ತಿದ್ದರು. "ನನಗೇನು ಲಾಭ ಇದರಿಂದ?" ಎಂದರು. ದನಿ ಇನ್ನೂ ಮೆತ್ತಗೇ ಇತ್ತು.

"ಅದು ನಿಮಗೆ ಗೊತ್ತು. ನನಗೆ ಗೊತ್ತಿರೋದು ಎರಡು. ವಾಕ್ಯಕ್ಕೆ ಬಾಲ ಹಚ್ಚೋಕೆ ನೀರು, ಗಂಜಿ ಯಾವುದೂ ಹೊಳೀಲಿಲ್ಲ, ಮಾತ್ರೆಯೇ ಹೊಳೀತು. ಮತ್ತೆ ನಿಮ್ಮ ವಕೀಲರು ಇವತ್ತು ಒಂಬತ್ತು ಸಲ ಕರೆದಿದ್ದಾರೆ. ಯಾವ ರೋಗಿಯ ಮಾತ್ರೆ ಡಾಕ್ಟ್ರೇ?"

ಅವರು ಆ ಖಾಲಿ ಚೀಟಿಯನ್ನು ಎರಡಾಗಿ ಮಡಚಿದರು. ಆಮೇಲೆ ಅಧ್ಯಕ್ಷರ ಕಡೆ ತಿರುಗದೆ ಹೇಳಿದರು. "ಐವತ್ತೆರಡು ವರ್ಷದವರು. ರಕ್ತದೊತ್ತಡ ವಿಪರೀತ ಇತ್ತು. ಮಾತ್ರೆ ಕೊಡಿ ಅಂತ ನಾನೇ ಬರೆದೆ. ಅದನ್ನ ಕೊಡೋಕೆ ಬಂದ ದಾದಿ, ನುಂಗ್ತಾರಾ ನೋಡೋಣವೇ ಡಾಕ್ಟರ್ ಅಂತ ಕೇಳಿದ್ಲು. ಸಮಯ ಇಲ್ಲ ಅಂದೆ. ಮಾತ್ರೆ ಜೊತೆ ಕೊಟ್ಟ ನೀರು ಶ್ವಾಸಕೋಶಕ್ಕೆ ಇಳೀತು. ಮುಂದಿನ ವಾರ ವಿಚಾರಣೆ. ತಜ್ಞರಲ್ಲೇ ಒಮ್ಮತ ಇಲ್ಲ ಅಂತ ಒಂದು ಸಾಲು ಸಿಕ್ರೆ ಸಾಕು ಅಂದಿದ್ರು ವಕೀಲರು. ಮತ ಬಿದ್ದು, ಪತ್ರ ಹರಿದು, ಎಲ್ಲರೂ ಮನೆಗೆ ಹೋಗ್ತಾರೆ ಅಂದ್ಕೊಂಡಿದ್ದೆ. ಈ ಹುಡುಗಿ ಮೇಲೆ ಬರುತ್ತೆ ಅಂತ ಯೋಚಿಸಿರಲಿಲ್ಲ."

"ಬಂದ ಮೇಲೆ ಬೀಗದಕೈ ಅವಳ ಹತ್ರ ಇದೆ ಅಂತ ಹೇಳಿದ್ರಲ್ಲ" ಎಂದೆ. ಇಷ್ಟು ಹೊತ್ತು ಬಾಯಿ ಮುಚ್ಚಿದ್ದು ನನ್ನ ಜೀವಮಾನದಲ್ಲೇ ಹೆಚ್ಚು. "ಅದು ಯೋಚಿಸಿಯೇ ಹೇಳಿದ್ದು."

ದರ್ಜಿ ಎದ್ದು ಕಾರ್ಯದರ್ಶಿಯ ಪಕ್ಕದ ಕುರ್ಚಿಯನ್ನು ಬಿಟ್ಟು ಮೇಜಿನ ಆಚೆ ತುದಿಗೆ ಹೋಗಿ ಕೂತ.

ಅಧ್ಯಕ್ಷರು ಕಾರ್ಯದರ್ಶಿಯನ್ನು ಅವರ ಕೋಣೆಗೆ ಕಳಿಸಿ, ತಪ್ಪೊಪ್ಪಿಗೆ ಬರೆದುಕೊಡಿ ಎಂದರು. ಆಮೇಲೆ ಗಂಟಲು ಸರಿಮಾಡಿಕೊಂಡು ನನ್ನ ಸೊಸೆಯ ಕಡೆ ತಿರುಗಿದರು. "ಆದದ್ದು ಆಗಿಹೋಯ್ತಮ್ಮ. ಎರಡನೆ ಸುತ್ತು ಮತ್ತೆ ಮಾಡಬೇಕು. ಪತ್ರ ಮುದ್ರಿಸಿ ತಾ."

"ಆಗಿಹೋಯ್ತಾ?" ಎಂದೆ. "ಒಂದೂವರೆ ಗಂಟೆ ಹೊತ್ತು ಅವಳನ್ನ ಕಳ್ಳಿ ಮಾಡಿ—"

"ಮಾವ, ಬಿಡು" ಎಂದಳು ಅವಳು. ಸೆರಗಿನಿಂದ ಕೈ ಬಿಡಿಸಿಕೊಂಡು ಹೊರಗೆ ಹೋದಳು.

ಹತ್ತು ನಿಮಿಷಕ್ಕೆ ಏಳು ಪತ್ರ ಹಿಡಿದು ಬಂದಳು. ಎಂಟನೆಯದೊಂದು ಅಧ್ಯಕ್ಷರಿಗೂ ತಂದಿದ್ದಳು. ಎಲ್ಲರೂ ಅವರವರ ಪತ್ರ ತೆಗೆದುಕೊಂಡು ಕೋಣೆಗೆ ಹೊರಡಲು ಎದ್ದರು. ಅವಳು ದಾರಿ ಬಿಡಲಿಲ್ಲ.

"ಕೂತ್ಕೊಳ್ಳಿ" ಎಂದಳು. "ಅಂಕೆನ ಕೋಣೇಲಿ ಬರೀರಿ. ಹದಿನಾಲ್ಕನೆಯದನ್ನ ಮಾತ್ರ ಇಲ್ಲೇ ಓದ್ಬೇಕು. ಒಬ್ಬೊಬ್ಬರಾಗಿ, ಎಲ್ಲರಿಗೂ ಕೇಳೋ ಹಾಗೆ. ಮೊದಲು ನೀವು ಸಾರ್."

ಅಧ್ಯಕ್ಷರು ಅವಳನ್ನು ನೋಡಿದರು. ಸಿಸ್ಟರಮ್ಮನನ್ನು ನೋಡಿದರು. ಸಿಸ್ಟರಮ್ಮ ಮೇಜಿನ ಮೇಲಿನ ಚೀಟಿಗಳನ್ನು ಒಟ್ಟು ಮಾಡುವುದರಲ್ಲಿದ್ದರು. ಕೊನೆಗೆ ಅವರು ಕನ್ನಡಕ ಹಾಕಿಕೊಂಡು, ಎದ್ದು ನಿಂತು, ಎರಡು ಕೈಯಲ್ಲೂ ಪತ್ರ ಹಿಡಿದು ಓದಿದರು. ಮುಗಿಸಿದ ಮೇಲೂ ಕೂರಲಿಲ್ಲ.

"ತಪ್ಪು ನನ್ನದು" ಎಂದರು ಅವಳಿಗೆ. "ನಾನು ಓದಿರಲಿಲ್ಲ. ನಿನ್ನ ಕೆಲಸ ಖಾಯಂ ಆಗೋ ಕಾಗದಕ್ಕೆ ನಾಳೆ ನಾನೇ ಬರೀತೀನಿ."

"ಸರಿ ಸಾರ್. ಮುಂದಿನವರು" ಎಂದಳು ಅವಳು.

ದರ್ಜಿ ಎದ್ದ. ಅವನು ಓದತೊಡಗಿದಾಗ ನಾನು ಓಣಿಗೆ ಹೋಗಿ ಕಬ್ಬಿಣದ ಬಾಗಿಲ ಬೀಗ ತೆಗೆದು, ಎರಡು ಕದವನ್ನೂ ಗೋಡೆಗೆ ತಾಗುವಷ್ಟು ತೆರೆದಿಟ್ಟೆ. ಮೆಟ್ಟಿಲ ಕಡೆಯಿಂದ ತಣ್ಣಗೆ ಗಾಳಿ ಬಂತು. ಒಬ್ಬರೂ ಎದ್ದು ಬರಲಿಲ್ಲ. ಹಾಲಿನಿಂದ ಏಳು ದನಿಗಳು ಒಂದಾದ ಮೇಲೊಂದು ಅದೇ ವಾಕ್ಯವನ್ನು ಹೇಳುತ್ತಲೇ ಇದ್ದವು.